ಎರಡು ಮಂಚದ ಸಾಮ್ರಾಜ್ಯ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಬಾಗಿಲ ಮೇಲೆ ಶಿಲುಬೆ ಇದ್ದುದರಿಂದ ಕೆಲವರು ಅದನ್ನು ಚರ್ಚು ಎನ್ನುತ್ತಿದ್ದರು. ಒಳಗಿದ್ದ ಗುರುಗಳು ಕಾವಿ ಹೊದ್ದು ಚಾಪೆಯ ಮೇಲೆ ಕೂರುತ್ತಿದ್ದುದರಿಂದ ಉಳಿದವರು ಮಠ ಎನ್ನುತ್ತಿದ್ದರು. ಹೊಸಬರು ಒಂದನ್ನು ಕೇಳಿದರೆ ಊರವರು ಇನ್ನೊಂದನ್ನು ತೋರಿಸುತ್ತಿದ್ದರು. ಹೇಗೋ ಎಲ್ಲರೂ ಬಂದು ಸೇರುತ್ತಿದ್ದರು.

ಗುರುಗಳ ಹೆಸರು ಚೌರಪ್ಪ. ಶಿಷ್ಯ ಒಬ್ಬನೇ, ಇನ್ನಾಸಪ್ಪ. ಅಡುಗೆಗೆ ಲೂರ್ದಮ್ಮ. ಆಶ್ರಮದಲ್ಲಿ ಮಧ್ಯಾಹ್ನದವರೆಗೆ ಮೌನ ಪಾಲಿಸಬೇಕೆಂಬ ನಿಯಮವಿತ್ತು. ಲೂರ್ದಮ್ಮನಿಗೆ ಅದನ್ನು ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಇನ್ನಾಸಪ್ಪ ಕಾಲೇಜಿನಲ್ಲಿ ಇತಿಹಾಸ ಓದಿ ಬಂದವನು. ಬಂದ ದಿನವೇ ಗುರುಗಳ ಮುಂದೆ ಕೂತು ತನ್ನ ಪ್ರಶ್ನೆ ಇಟ್ಟ.

“ಗುರುಗಳೇ, ದೇವರು ಮನುಷ್ಯನಾಗಿ ಹುಟ್ಟಿ ಬಂದರು ಅಂತ ನಂಬುತ್ತೇವೆ. ಸರಿ. ಆದರೆ ಆಗಲೇ ಯಾಕೆ? ಆದಾಮನ ಕಾಲದಲ್ಲೇ ಬರಬಹುದಿತ್ತು. ಇಲ್ಲ, ನಮ್ಮ ಕಾಲಕ್ಕೆ ಬರಬಹುದಿತ್ತು. ಅದೆರಡೂ ಬಿಟ್ಟು ನಡುವೆ ಎಲ್ಲೋ, ರೋಮಿನ ಚಕ್ರವರ್ತಿ ಆಳುತ್ತಿದ್ದಾಗ, ಒಂದು ಮೂಲೆ ಊರಿಗೆ ಬಂದದ್ದು ಯಾಕೆ?”

“ಕಾಲ ತುಂಬಿದಾಗ ಬಂದರು ಅಂತ ಬೈಬಲಿನಲ್ಲಿ ಬರೆದಿದೆಯಲ್ಲ.”

“ಬರೆದಿದೆ. ಓದಿದ್ದೇನೆ. ಕಾಲ ಯಾವುದರಿಂದ ತುಂಬಿತು?”

ಗುರುಗಳು ಅವನನ್ನು ಮೊದಲ ಸಲ ಸರಿಯಾಗಿ ನೋಡಿದರು.

“ನೀನೇ ಹುಡುಕು. ಸಿಕ್ಕ ದಿನ ಬಂದು ಹೇಳು. ಕಾವಿ ಹೊದಿಸಿ ದೀಕ್ಷೆ ಕೊಡುತ್ತೇನೆ.”

ಒಂದೆರಡು ವಾರದ ಕೆಲಸ ಎಂದುಕೊಂಡ ಇನ್ನಾಸಪ್ಪ. ವರ್ಷಗಳು ಹೋದವು.

ಅವನೇನೂ ಸುಮ್ಮನೆ ಕೂರಲಿಲ್ಲ. ಲ್ಯಾಟಿನ್ ಕಲಿತ. ಗ್ರೀಕ್ ಕಲಿತ. ಉಪವಾಸ ಮಾಡಿದ. ಧ್ಯಾನಕ್ಕೆ ಕೂತಾಗ ಕಿವಿಯೊಳಗೆ ಇರುವೆ ಹೋದರೂ ಅಲುಗದಿರುವುದನ್ನು ಅಭ್ಯಾಸ ಮಾಡಿದ. ಆಗೊಮ್ಮೆ ಈಗೊಮ್ಮೆ ಗುರುಗಳ ಮುಂದೆ ನಿಂತು, “ಗುರುಗಳೇ, ಈಗ ನಾನು ಸಿದ್ಧವಾಗಿದ್ದೇನೆಯೇ?” ಎಂದು ಕೇಳುತ್ತಿದ್ದ.

ಗುರುಗಳು ಸಂತೆಯಲ್ಲಿ ಬದನೆಕಾಯಿ ನೋಡುವಂತೆ ಅವನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು.

“ಸ್ವಲ್ಪ ಹೆಚ್ಚೇ ಸಿದ್ಧವಾಗಿದ್ದೀಯ,” ಎನ್ನುತ್ತಿದ್ದರು.

ಹೀಗಿರುವಾಗ ಒಂದು ವರ್ಷ, ಕ್ರಿಸ್ತಜಯಂತಿಗೆ ಕೆಲವು ವಾರ ಮುಂಚೆ, ಇನ್ನಾಸಪ್ಪನ ಸೋದರಮಾವ ಅರುಳಪ್ಪ ಆಶ್ರಮಕ್ಕೆ ಬಂದ. ರೇಷ್ಮೆಗೂಡಿನ ವ್ಯಾಪಾರಿ. ಬಾಗಿಲಲ್ಲಿ ನಿಂತರೆ ಒಳಗೆ ದೀಪ ಹಚ್ಚಬೇಕು, ಅಷ್ಟು ದೊಡ್ಡ ಆಳು.

“ಏನೋ ಇನ್ನಾಸಿ, ನಿಮ್ಮಮ್ಮ ಹೇಳಿ ಕಳಿಸಿದ್ದಾಳೆ. ಹಬ್ಬದೊಳಗೆ ದೀಕ್ಷೆ ಆದರೆ ಸಂತೋಷ, ಇಲ್ಲೇ ಇರು. ಆಗಲಿಲ್ಲ ಅಂದರೆ ಹಬ್ಬ ಮುಗಿದ ಮೇಲೆ ಬಂದು ಕರಕೊಂಡು ಹೋಗ್ತೀನಿ. ಹುಡುಗಿ ನೋಡಿ ಆಗಿದೆ.”

“ಮಾವ, ನನಗೆ ಮದುವೆ ಬೇಡ.”

“ಬೇಡ ಅನ್ನೋನ ಮೈಮೇಲೆ ಕಾವಿ ಇರಬೇಕು. ನಿನಗೆ ಕಾವಿಯೂ ಇಲ್ಲ, ಹೆಂಡತಿಯೂ ಇಲ್ಲ. ಇದೇನು ಆಶ್ರಮವೋ, ಬಸ್‌ಸ್ಟ್ಯಾಂಡೋ?”

ಇನ್ನಾಸಪ್ಪ ಗುರುಗಳ ಕಡೆ ನೋಡಿದ.

“ನ್ಯಾಯವಾದ ಮಾತು,” ಎಂದರು ಗುರುಗಳು.

ಅರುಳಪ್ಪ ಊಟ ಮಾಡಿ, ಇನ್ನೊಂದು ಸಲ ಊಟ ಮಾಡಿ ಹೋದ. ಇನ್ನಾಸಪ್ಪನಿಗೆ ಅಂದು ತುತ್ತು ಇಳಿಯಲಿಲ್ಲ. ಬೆಳಗಿನ ಹೊಳೆ, ಗುರುಗಳ ಜೊತೆ ಕೂತು ಮಾಡುವ ಪ್ರಾರ್ಥನೆ, ಪ್ರಾರ್ಥನೆಯ ನಡುವೆ ಅಡುಗೆಮನೆಯಿಂದ ಬರುವ ಲೂರ್ದಮ್ಮನ ಬೈಗುಳ, ಇದನ್ನೆಲ್ಲ ಬಿಟ್ಟು ಹೋಗುವುದು ಅವನಿಂದ ಆಗದ ಮಾತು. ಇಷ್ಟು ನೆಮ್ಮದಿಯಾಗಿ ಬೈಸಿಕೊಂಡದ್ದು ಅವನಿಗೆ ಬೇರೆಲ್ಲೂ ನೆನಪಿರಲಿಲ್ಲ.

ಮರುದಿನವೇ ಮೊದಲ ಉತ್ತರ ಹಿಡಿದುಕೊಂಡು ಬಂದ.

ಗುರುಗಳು ಜಗಲಿಯ ಮೇಲೆ ಲೂರ್ದಮ್ಮನ ಜೊತೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಬೆರಳಲ್ಲಿ ಒತ್ತಿದರೆ ಕಾಳು ಪಾತ್ರೆಗೆ ಹಾರುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು. ಗುರುಗಳು ಹಿತುಕಿದ್ದರಲ್ಲಿ ಅರ್ಧ ಅಂಗಳಕ್ಕೆ ಹೋಗುತ್ತಿತ್ತು.

“ಸಿಕ್ಕಿತು, ಗುರುಗಳೇ.”

“ಹೇಳು.”

“ರೋಮಿನವರು ಆಗ ತಾನೇ ಲೋಕಕ್ಕೆಲ್ಲ ರಸ್ತೆ ಹಾಕಿದ್ದರು. ಗ್ರೀಕ್ ಭಾಷೆ ಎಲ್ಲ ಕಡೆ ನಡೆಯುತ್ತಿತ್ತು. ಯುದ್ಧಗಳು ನಿಂತು ಶಾಂತಿ ಇತ್ತು. ಯೇಸುವಿನ ಶುಭವಾರ್ತೆ ಹೊತ್ತು ಹೋಗುವವರಿಗೆ ರಸ್ತೆ ಬೇಕು, ಭಾಷೆ ಬೇಕು, ಶಾಂತಿ ಬೇಕು. ಮೂರೂ ಕೂಡಿ ಬಂದದ್ದು ಆಗಲೇ. ಕಾಲ ತುಂಬಿದ್ದು ಅದರಿಂದ.”

ಗುರುಗಳು ಒಂದು ಕಾಳು ಹಿತುಕಿದರು. ಅದು ಇನ್ನಾಸಪ್ಪನ ಹಣೆಗೆ ಬಡಿಯಿತು.

“ಲೂರ್ದಮ್ಮ, ನಮ್ಮ ಆಶ್ರಮಕ್ಕೂ ಹೋದ ವರ್ಷ ಟಾರು ರಸ್ತೆ ಆಯಿತಲ್ಲ. ಅದರಲ್ಲಿ ಯಾರು ಯಾರು ಬಂದರು?”

“ಪ್ಲಾಸ್ಟಿಕ್ ಕೊಡ ಮಾರೋನು ಬಂದ, ಸ್ವಾಮಿ. ಎಲೆಕ್ಷನ್ನಿನವರು ಬಂದರು. ಎದುರುಪಕ್ಷದವರೂ ಬಂದರು.”

“ದೇವರು?”

“ಅವರು ರಸ್ತೆ ಆಗೋಕೆ ಮುಂಚೆಯಿಂದ ಇದ್ದಾರೆ.”

ಇನ್ನಾಸಪ್ಪ ಬಿಡಲಿಲ್ಲ. “ಆದರೆ ಶಾಂತಿ, ಗುರುಗಳೇ? ರೋಮಿನ ಶಾಂತಿ ದೊಡ್ಡ ವಿಷಯ.”

“ದೊಡ್ಡದೇ. ಆ ಶಾಂತಿಯನ್ನು ಕಾಪಾಡುವುದಕ್ಕೇ ಯೇಸುಸ್ವಾಮಿಯನ್ನು ಶಿಲುಬೆಗೆ ಹಾಕಿದ್ದು.”

ಇನ್ನಾಸಪ್ಪ ಹಣೆಯ ಮೇಲಿನ ಕಾಳು ಒರೆಸಿಕೊಂಡು ಒಳಗೆ ಹೋದ.

ಎರಡನೆಯ ಉತ್ತರವನ್ನು ಅವನು ಹೊಳೆಯಲ್ಲಿ ಬಟ್ಟೆ ಒಗೆಯುತ್ತಾ ಯೋಚಿಸಿದ. ಯೋಚನೆ ಮುಗಿಯುವಷ್ಟರಲ್ಲಿ ಗುರುಗಳ ಪಂಚೆ ನಡುಹೊಳೆ ಸೇರಿತ್ತು. ಅದನ್ನು ಹಿಂಬಾಲಿಸುವ ಬದಲು ಓಡಿ ಬಂದ.

“ಗುರುಗಳೇ, ಮೊದಲೇ ಬಂದಿದ್ದರೆ ಮನುಷ್ಯರು ಅಹಂಕಾರದಲ್ಲಿ ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಕೈಲಿ ಏನೂ ಆಗುವುದಿಲ್ಲ ಅಂತ ನಮಗೇ ಗೊತ್ತಾಗಲಿ ಅಂತ ದೇವರು ಕಾದರು. ನಾವು ಕೆಟ್ಟು ಕೆಟ್ಟು ಪೂರ್ತಿ ತಳ ಮುಟ್ಟಿದಾಗ ಬಂದರು.”

“ತಳ ಮುಟ್ಟಿದ್ದು ಆಗಲೇ ಅಂತ ಹೇಗೆ ಹೇಳ್ತೀಯ?”

“ಯೇಸು ಹುಟ್ಟಿದಾಗ ಹೆರೋದ ರಾಜ ಊರ ಕೂಸುಗಳನ್ನೆಲ್ಲ ಕೊಲ್ಲಿಸಲಿಲ್ಲವೇ?”

“ಕೊಲ್ಲಿಸಿದ. ಆಮೇಲೆ ಯಾರೂ ಕೊಲ್ಲಿಸಲಿಲ್ಲವೋ?”

ಇನ್ನಾಸಪ್ಪ ಇತಿಹಾಸ ಓದಿದವನು. ಬೆರಳು ಮಡಿಸಿ ಎಣಿಸಲು ಹೋಗಿ ಬಿಟ್ಟುಬಿಟ್ಟ.

“ಅದೇ ಕಾರಣವಾಗಿದ್ದರೆ ಅವರು ಇನ್ನೂ ಕಾಯುತ್ತಲೇ ಇರಬೇಕಾಗಿತ್ತು,” ಎಂದರು ಗುರುಗಳು. “ನನ್ನ ಪಂಚೆ ಎಲ್ಲಿ?”

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಲೂರ್ದಮ್ಮ ಸೌಟು ಕೆಳಗಿಟ್ಟಳು.

“ಸ್ವಾಮಿ, ಅವರು ಬರೋಕೆ ಮುಂಚೆ ಸತ್ತೋರ ಗತಿ ಏನು? ಪಾಪ, ಅವರೂ ಕಾದಿರ್ತಾರಲ್ಲ. ಕಾದು ಕಾದು ಹೋದರು.”

ಗುರುಗಳು ಪಂಚೆಯ ಮಾತು ಬಿಟ್ಟರು.

“ಶಿಲುಬೆಯ ಮೇಲೆ ತೀರಿಕೊಂಡ ಮೇಲೆ ಯೇಸುಸ್ವಾಮಿ ಮೊದಲು ಹೋದದ್ದು ಎಲ್ಲಿಗೆ ಗೊತ್ತೇನಮ್ಮ? ಸತ್ತವರಿದ್ದ ಕಡೆಗೇ. ಆದಾಮ, ಹವ್ವ, ಹೆಸರಿಲ್ಲದವರು, ಎಲ್ಲರ ಹತ್ತಿರವೂ ಹೋದರು. ಅವರನ್ನೆಲ್ಲ ಕೈಹಿಡಿದು ಎಬ್ಬಿಸಿ ಆಮೇಲೆ ಈ ಕಡೆ ಬಂದರು.”

“ಹಾಗಾದರೆ ಮೊದಲು ಹೋದೋರಿಗೇ ಮೊದಲು ಸಿಕ್ಕಿದ್ದು.”

“ಹೌದು. ತಡವಾಗಿ ಸಿಕ್ಕಿದ್ದು ನಮಗೆ.”

ಲೂರ್ದಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.  ಆಮೇಲೆ ಸೌಟು ಎತ್ತಿಕೊಂಡು ಇನ್ನಾಸಪ್ಪನ ಕಡೆ ತಿರುಗಿ, “ನಿಂತಿದ್ದೀಯಲ್ಲ, ಹೋಗಪ್ಪ, ಸ್ವಾಮಿಯವರ ಪಂಚೆ ತಗೊಂಡು ಬಾ. ಮೂರನೇ ಊರು ದಾಟಿರುತ್ತೆ,” ಎಂದಳು.

ಮೂರನೆಯ ಸಲ ಅವನು ಉತ್ತರ ತರಲಿಲ್ಲ, ಜಗಳ ತಂದ.

“ಈಗ ಬರಬೇಕಿತ್ತು, ಗುರುಗಳೇ. ನಿಜ ಹೇಳುತ್ತೇನೆ. ಈಗ ಬಂದಿದ್ದರೆ ಟಿವಿ ಇದೆ, ಮೊಬೈಲ್ ಇದೆ. ಒಂದೇ ದಿನದಲ್ಲಿ ಲೋಕಕ್ಕೆಲ್ಲ ಗೊತ್ತಾಗುತ್ತಿತ್ತು.”

“ಮೊದಲ ದಿನ ಎಲ್ಲರೂ ನೋಡುತ್ತಿದ್ದರು.”

“ಅದೇ ಹೇಳುತ್ತಿರುವುದು!”

“ಎರಡನೆಯ ದಿನ?”

“ಎರಡನೇ ದಿನ ಕ್ರಿಕೆಟ್ ಇರುತ್ತೆ,” ಎಂದಳು ಒಳಗಿನಿಂದ ಲೂರ್ದಮ್ಮ.

ಇನ್ನಾಸಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಹಬ್ಬ ಹತ್ತಿರ ಬರುತ್ತಿತ್ತು. ಹಬ್ಬದ ಹಿಂದೆಯೇ ಮಾವ ಬರುತ್ತಿದ್ದ. ಮಾವನ ಹಿಂದೆ ಹುಡುಗಿಯ ಮನೆಯವರು.

ಗುರುಗಳಿಗೆ ಕನಿಕರ ಬಂದಿತೋ ಬೇಸರ ಬಂದಿತೋ ಹೇಳುವುದು ಕಷ್ಟ.

“ಬಾಯಲ್ಲಿ ಹೇಳಿದ್ದು ಸಾಕು,” ಎಂದರು. “ಈ ವರ್ಷ ಗೋದಲಿ ನೀನು ಕಟ್ಟು. ನಿನ್ನ ಉತ್ತರ ಅದರಲ್ಲಿ ಕಾಣಲಿ. ನೋಡುತ್ತೇನೆ.”

ಹಬ್ಬಕ್ಕೆ ಮುಂಚೆ, ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಮಣ್ಣು ಹುಲ್ಲಿನಲ್ಲಿ ಪುಟ್ಟದಾಗಿ ಕಟ್ಟುವುದು ಕ್ರೈಸ್ತರ ಮನೆಗಳಲ್ಲಿ ರೂಢಿ. ಅದೇ ಗೋದಲಿ. ರಾಗಿ ಮೊಳಕೆ ಬರಿಸಿ ಸುತ್ತ ಹಸಿರು ಮಾಡುತ್ತಾರೆ. ಮರಿಯಮ್ಮ, ಜೋಸೆಫರು, ದನ, ಕತ್ತೆ, ಕುರುಬರು, ಕಾಣಿಕೆ ಹಿಡಿದು ದೂರದಿಂದ ಬಂದ ಮೂವರು ರಾಯರು, ಎಲ್ಲರ ಗೊಂಬೆಗಳನ್ನೂ ಇಟ್ಟು ನಡುವೆ ಬಾಲಯೇಸುವನ್ನು ಮಲಗಿಸುತ್ತಾರೆ. ಆಶ್ರಮದ ಗೋದಲಿ ನೋಡಲು ಸುತ್ತಲ ಊರವರೆಲ್ಲ ಬರುತ್ತಿದ್ದರು. ಪ್ರತಿ ವರ್ಷ ಅದನ್ನು ಗುರುಗಳೇ ಒಂದು ಮೂಲೆಯಲ್ಲಿ, ಮೂರು ಕಲ್ಲು ಒಂದು ಹಿಡಿ ಹುಲ್ಲಿನಲ್ಲಿ ಮುಗಿಸುತ್ತಿದ್ದರು.

ಇನ್ನಾಸಪ್ಪನಿಗೆ ಮೂಲೆ ಸಾಲಲಿಲ್ಲ. ತನ್ನ ಮಂಚ ತಂದ. ಅದೂ ಸಾಲದೆ ಗುರುಗಳ ಮಂಚವನ್ನೂ ತಂದು ಪ್ರಾರ್ಥನಾ ಮಂದಿರದಲ್ಲಿ ಜೋಡಿಸಿದ. ಗುರುಗಳು ನೆಲದ ಮೇಲೆ ಮಲಗಲು ಒಪ್ಪಿದರು.

ಮಂಚದ ಮೇಲೆ ಲೋಕ ಎದ್ದಿತು.

ಒಂದು ತುದಿಯಲ್ಲಿ ಇಟ್ಟಿಗೆಯ ರೋಮ್. ಅಲ್ಲಿಂದ ಹೊರಟು, ಹೊಳೆಯ ಹರಳು ಹಾಸಿದ ರಸ್ತೆ, ಗೆರೆ ಎಳೆದಷ್ಟು ನೇರ. ರಸ್ತೆಯ ಪಕ್ಕ ಕಾವಲಿನ ಮಣ್ಣಿನ ಸಿಪಾಯಿಗಳು. ಗ್ರೀಕರ ಪಾಠಶಾಲೆ, ಅದರೊಳಗೆ ಬಾಯಿ ತೆರೆದ ಮೇಷ್ಟರು. ಸುಂಕದ ಕಟ್ಟೆ. ಜನಗಣತಿಯ ಕಚೇರಿ. ಬಂದರು, ಬಂದರಿನಲ್ಲಿ ತೆಂಗಿನ ಹೊಂಬಾಳೆಯ ಹಡಗುಗಳು.

“ಇನ್ನಾಸಪ್ಪ, ನನ್ನ ಬೋಗುಣಿ ಕಂಡೆಯಾ?”

“ಇಲ್ಲವಲ್ಲ, ಲೂರ್ದಮ್ಮ.”

ಲೂರ್ದಮ್ಮ ಮಂದಿರದೊಳಗೆ ಬಂದು ನೋಡಿದಳು. ಬೋಗುಣಿ ತುಂಬ ನೀರು. ನೀರಿನಲ್ಲಿ ಹಡಗು.

“ಇದೇನಿದು?”

“ಅದು... ಈಗ ಅದು ಮೆಡಿಟರೇನಿಯನ್ ಸಮುದ್ರ.”

“ಸಮುದ್ರ ನೀನು ಇಟ್ಕೋ. ಬೋಗುಣಿ ಕೊಡು, ಅಕ್ಕಿ ತೊಳೀಬೇಕು.”

“ಹಬ್ಬ ಮುಗಿಯಲಿ, ಕೈಮುಗಿಯುತ್ತೇನೆ.”

ಅವಳ ಕಣ್ಣು ರೋಮಿನ ಕಡೆ ಹೋಯಿತು. ಇಟ್ಟಿಗೆಯ ಸಿಂಹಾಸನದ ಮೇಲೆ ಚಕ್ರವರ್ತಿ ಕೂತಿದ್ದ. ಗುರುತಿನ ಮುಖ.

“ಮೂವರು ರಾಯರಲ್ಲಿ ಒಬ್ಬ ಕಾಣ್ತಿಲ್ಲ ಅಂತಿದ್ದೆ. ಇಲ್ಲಿ ಬಂದು ಕೂತಿದ್ದಾನೆ!”

“ರೋಮಿನಲ್ಲಿ ಅವನು ಬೇಕೇ ಬೇಕು. ಚಕ್ರವರ್ತಿ.”

“ಬೇಗ ಹೊರಡೋಕೆ ಹೇಳು. ಹಬ್ಬಕ್ಕೆ ಅವನು ಕಾಣಿಕೆ ತರಬೇಕು.”

ಇನ್ನಾಸಪ್ಪ ಊಟ ಮರೆತ. ಲ್ಯಾಟಿನ್ ಮರೆತ. ಇರುವೆ ಕಚ್ಚಿದರೆ ಕೊಡವಿಕೊಂಡ. ಸಾಮ್ರಾಜ್ಯ ಬೆಳೆಯುತ್ತಾ ಹೋದ ಹಾಗೆ ಮಿಕ್ಕ ಹುಲ್ಲು, ಮಣ್ಣು ಕಲಸಿದ ಬಾಣಲೆ, ಹರಿದ ಗೋಣಿಚೀಲ, ಒಡೆದ ಸಿಪಾಯಿಗಳು, ಎಲ್ಲವನ್ನೂ ಕಾಲಿನಿಂದ ಮಂಚದ ಕೆಳಗೆ ತಳ್ಳಿದ. ಲೂರ್ದಮ್ಮನ ಕೋಳಿಯೊಂದು ಅಲ್ಲಿ ಹುಲ್ಲು ಮೆತ್ತಗಿದೆ ಎಂದು ಕಂಡುಕೊಂಡು ವಾಸಕ್ಕೆ ಬಂದಿತು. ಅದನ್ನೂ ಅವನು ನೋಡಲಿಲ್ಲ.

ಹಬ್ಬದ ಹಿಂದಿನ ದಿನ ಸಂಜೆ ಕೆಲಸ ಮುಗಿಯಿತು. ಇನ್ನಾಸಪ್ಪ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ರಸ್ತೆ, ಭಾಷೆ, ಶಾಂತಿ, ಎಲ್ಲವೂ ಇತ್ತು. ನೋಡುತ್ತಿದ್ದರೆ, ದೇವರು ಬರದೆ ವಿಧಿಯೇ ಇರಲಿಲ್ಲ ಎನ್ನಿಸಬೇಕು, ಹಾಗಿತ್ತು.

ಅಂಗಳದಲ್ಲಿ ಊರವರು ಸೇರತೊಡಗಿದ್ದರು. ಅವರ ನಡುವೆ ಒಂದು ದೊಡ್ಡ ನೆರಳು. ಅರುಳಪ್ಪ.

“ಮಾವ! ಹಬ್ಬ ಮುಗಿದ ಮೇಲೆ ಅಂದಿದ್ರಿ?”

“ಬಸ್ಸು ಸಿಕ್ತು, ಬಂದೆ. ಏನು, ಆಯಿತಾ ದೀಕ್ಷೆ?”

“ಇನ್ನೊಂದು ಗಳಿಗೆ ಇರಿ, ಮಾವ. ಇವತ್ತು ಆಗೇ ಆಗುತ್ತೆ.”

ಲೂರ್ದಮ್ಮ ಗೊಂಬೆಗಳ ಪೆಟ್ಟಿಗೆ ತಂದಳು. ಹಳೆಯ ಸೀರೆಯಲ್ಲಿ ಸುತ್ತಿದ ಮರಿಯಮ್ಮ, ಜೋಸೆಫರು, ದನ, ಕತ್ತೆ. ಎಲ್ಲಕ್ಕೂ ಒಳಗೆ, ಅಂಗೈಯಷ್ಟು ಬಾಲಯೇಸು.

“ತಗೋ. ಎಲ್ಲಿ ಕೊಟ್ಟಿಗೆ?”

ಇನ್ನಾಸಪ್ಪ ಮಂಚದ ಮೇಲೆ ಕೈ ಚಾಚಿದ. ಕೈ ಅಲ್ಲೇ ನಿಂತಿತು.

ಕೊಟ್ಟಿಗೆ ಕಟ್ಟಿರಲಿಲ್ಲ.

ಈ ಕಡೆ ನೋಡಿದ, ಸುಂಕದ ಕಟ್ಟೆ. ಆ ಕಡೆ ನೋಡಿದ, ಜನಗಣತಿ ಕಚೇರಿ. ಮರಿಯಮ್ಮನನ್ನು ಬಂದರಿನ ಅಂಚಿಗೆ ಇಟ್ಟ, ಹಡಗು ಮಗುಚಿತು. ಜೋಸೆಫರನ್ನು ಪಾಠಶಾಲೆಯ ಹಿಂದೆ ತೂರಿಸಿದ, ಮೇಷ್ಟರು ಮುಖ ಅಡಿಯಾಗಿ ಬಿದ್ದರು. ಕತ್ತೆಯನ್ನು ರಸ್ತೆಗೆ ಬಿಟ್ಟ. ಕತ್ತೆಯ ಪಕ್ಕ ಇನ್ನೊಂದಕ್ಕೆ ತೆರಪಿಲ್ಲ.

“ಸ್ವಲ್ಪ ಒಳಗೆ ಹೋಗಿ, ಸ್ವಲ್ಪ ಒಳಗೆ ಹೋಗಿ ಅಂತ ಕಂಡಕ್ಟರ್ ತಳ್ಳೋ ಹಾಗೆ ತಳ್ತಿದ್ದೀಯಲ್ಲಪ್ಪ,” ಎಂದಳು ಲೂರ್ದಮ್ಮ. “ಬಸುರಿ ಹೆಂಗಸು ಅವಳು.”

“ರೋಮಿನಲ್ಲಿ ಇಡಲೇ?”

“ಚಕ್ರವರ್ತಿ ತೊಡೆ ಮೇಲಾ?”

ಅಷ್ಟರಲ್ಲಿ ಗುರುಗಳು ಬಂದರು. ಕೈ ಹಿಂದೆ ಕಟ್ಟಿಕೊಂಡು ಮಂಚಗಳ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಬಗ್ಗಿ ಸಿಪಾಯಿಗಳ ಮೀಸೆ ನೋಡಿದರು. ಸಮುದ್ರದಲ್ಲಿ ಬೆರಳು ಅದ್ದಿದರು.

“ರಸ್ತೆ ಚೆನ್ನಾಗಿದೆ.”

“ಹೌದು, ಗುರುಗಳೇ.”

“ಮೀಸೆ ಬಹಳ ಚೆನ್ನಾಗಿದೆ. ಯಾವುದೂ ಬಿಟ್ಟುಹೋಗಿಲ್ಲ.”

 ಇನ್ನಾಸಪ್ಪನ ಒಂದು ಕೈಯಲ್ಲಿ ಮರಿಯಮ್ಮ, ಇನ್ನೊಂದರಲ್ಲಿ ಕೂಸು.

“ಅವರು ಯಾಕೆ ಇನ್ನೂ ಕೈಯಲ್ಲೇ ಇದ್ದಾರೆ?”

“ಜಾಗ ಇಲ್ಲ, ಗುರುಗಳೇ.”

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಕಿವಿ ಕೆಂಪಾಯಿತು.

ಗುರುಗಳು ತಲೆಯಾಡಿಸಿದರು. “ಅವತ್ತು ಜೋಸೆಫರಿಗೆ ಛತ್ರದವರೂ ಅದನ್ನೇ ಹೇಳಿದ್ದು. ಸರಿಯಾಗಿಯೇ ಕಟ್ಟಿದ್ದೀಯ.”

“ಇದನ್ನೆಲ್ಲ ಕೆಡವಿಬಿಡುತ್ತೇನೆ.”

“ಯಾವಾಗ? ಊರವರು ಬಾಗಿಲಲ್ಲಿದ್ದಾರೆ.”

“ಗುರುಗಳೇ, ಯಾರೂ ಸಿದ್ಧವಿರಲಿಲ್ಲವೇ ಹಾಗಾದರೆ? ಒಬ್ಬರೂ? ಮರಿಯಮ್ಮ?”

“ಅವಳು ಮದುವೆಗೆ ಸಿದ್ಧವಾಗುತ್ತಿದ್ದಳು. ಇದಕ್ಕಲ್ಲ.”

ಬಾಗಿಲು ತಟ್ಟಿದರು. ಹೊರಗೆ ಅರುಳಪ್ಪನ ದನಿ, “ಏ ಇನ್ನಾಸಿ, ಕಾಲು ನೋಯ್ತಿದೆ ಕಣೋ!”

ಇನ್ನಾಸಪ್ಪ ಕೈಯಲ್ಲಿದ್ದ ಕೂಸನ್ನು ನೋಡಿದ. ಬಣ್ಣ ಹೋಗಿ ಮೂಗು ಸವೆದಿತ್ತು. ನಗುತ್ತಿತ್ತು. ಯಾರಾದರೂ ಈಗ ಒಂದು ಮಾತು ಹೇಳಬಾರದೇ ಎಂದು ಗುರುಗಳ ಕಡೆ ತಿರುಗಿದ. ಗುರುಗಳು ಸಿಪಾಯಿಯ ಮೀಸೆಯನ್ನೇ ನೋಡುತ್ತಿದ್ದರು.

ಕಾಲ ಬುಡದಲ್ಲಿ ಏನೋ ಕೊಕ್ಕೊಕ್ ಎಂದಿತು.

ಇನ್ನಾಸಪ್ಪ ಕುಕ್ಕರುಗಾಲಿನಲ್ಲಿ ಕೂತು ಮಂಚದ ಕೆಳಗೆ ನೋಡಿದ. ಒದ್ದು ತಳ್ಳಿದ ಹುಲ್ಲು. ಒಣಗಿದ ಮಣ್ಣಿನ ಬಾಣಲೆ. ಹರಿದ ಗೋಣಿ. ಕತ್ತಲಲ್ಲಿ ಕೋಳಿಯ ಎರಡು ಕಣ್ಣು.

ಗುಡಿಸಲು ಸಮಯವಿರಲಿಲ್ಲ. ಅಂಗಾತ ಮಲಗಿ, ಹಾಗೆ ಆಗದೆ ಬೋರಲಾಗಿ, ಮೊಣಕೈ ಊರಿ ಒಳಗೆ ತೆವಳಿದ. ಬಾಣಲೆಯೊಳಗೆ ಹುಲ್ಲು ಸರಿಮಾಡಿ ಕೂಸನ್ನು ಮಲಗಿಸಿದ. ಪಕ್ಕದಲ್ಲಿ ತಾಯಿ. ಈಚೆಗೆ ಜೋಸೆಫರು. ಕೋಳಿ ಅವನ ಕೈಗೆ ಒಮ್ಮೆ ಕುಕ್ಕಿ, ಸರಿದು ಜಾಗ ಬಿಟ್ಟಿತು.

ಲೂರ್ದಮ್ಮ ಒಂದು ಸೊಡರು ಹಚ್ಚಿ ಕೊಟ್ಟಳು. ಅವಳು ಆಗ ಏನೂ ಅನ್ನಲಿಲ್ಲ. ಆಶ್ರಮದ ಚರಿತ್ರೆಯಲ್ಲಿ ಅದೇ ಮೊದಲು.

ಬಾಗಿಲು ತೆರೆಯಿತು. ಊರವರು ಒಳಗೆ ನುಗ್ಗಿ ಮಂಚಗಳನ್ನು ನೋಡಿ ಅಬ್ಬಬ್ಬಾ ಎಂದರು. ರಸ್ತೆಗೆ ಅಬ್ಬಾ, ಹಡಗಿಗೆ ಅಬ್ಬಾ, ಮೀಸೆಗೆ ಎರಡು ಸಲ ಅಬ್ಬಾ.

“ಎಲ್ಲ ಸರಿ, ಬಾಲಯೇಸು ಎಲ್ಲಿ?” ಎಂದ ಒಬ್ಬ ಮುದುಕ.

ಲೂರ್ದಮ್ಮ ಕೆಳಗೆ ಬೆರಳು ತೋರಿಸಿದಳು.

ಮುದುಕ ಮೊದಲು ಬಗ್ಗಿದ. ಕಾಣಲಿಲ್ಲ. ಮಂಡಿ ಊರಿದ. ಅರ್ಧ ಕಂಡಿತು. ಕೊನೆಗೆ ನೆಲಕ್ಕೆ ಕೆನ್ನೆ ಹಚ್ಚಿದ. “ಹಾಂ,” ಎಂದ. ಅವನ ಹಿಂದೆ ಹೆಂಗಸರು, ಅವರ ಹಿಂದೆ ಗಂಡಸರು, ಒಬ್ಬೊಬ್ಬರೇ ನೆಲಕ್ಕೆ ಇಳಿದರು. ಇಸ್ತ್ರಿ ಮಾಡಿದ ಪಂಚೆಗಳು, ಹಬ್ಬದ ಹೊಸ ಸೀರೆಗಳು, ಎಲ್ಲಕ್ಕೂ ಮಣ್ಣು ಹತ್ತಿತು. ಚಕ್ರವರ್ತಿ ಮೇಲೆ ಒಬ್ಬನೇ ಕೂತಿದ್ದ.

ಅರುಳಪ್ಪನ ಸರದಿ ಬಂದಿತು. ಅವನು ಇಳಿಯುವುದೇ ಒಂದು ಕಾರ್ಯಕ್ರಮವಾಯಿತು. ಒಂದು ಮಂಡಿ, ಆಮೇಲೆ ಇನ್ನೊಂದು, ಆಮೇಲೆ ಎರಡು ಕೈ. ತಲೆ ಮತ್ತು ಭುಜ ಮಂಚದ ಕೆಳಗೆ ಹೋದವು. ಮಿಕ್ಕದ್ದು ಈಚೆ ಉಳಿಯಿತು. ಕೋಳಿ ಕೂಗಿತು. ಅರುಳಪ್ಪ ಹೊರಗೆ ಬರಲಿಲ್ಲ.

ಇನ್ನಾಸಪ್ಪನಿಗೆ ಗಾಬರಿಯಾಯಿತು. “ಮಾವ, ಸಿಕ್ಕಿಹಾಕಿಕೊಂಡ್ರಾ?”

“ಇರೋ,” ಎಂದಿತು ಮಂಚದ ಕೆಳಗಿನ ದನಿ, ಮೆಲ್ಲಗೆ. “ನೋಡ್ತಿದ್ದೀನಿ.”

ಸ್ವಲ್ಪ ಹೊತ್ತಾದ ಮೇಲೆ ಇಬ್ಬರು ಹಿಡಿದು ಎಳೆದರು. ಅರುಳಪ್ಪ ಎದ್ದು ಕೂತು, ಕಣ್ಣು ಒರೆಸಿಕೊಂಡು, ಹುಲ್ಲು ಬಿದ್ದಿತು ಎಂದ. ಆಮೇಲೆ ವ್ಯಾಪಾರಿಯ ದನಿ ಹಿಂದಿರುಗಿತು.

“ಸ್ವಾಮಿಯೋರೆ, ಮಾತು ಮಾತೇ. ಇವನಿಗೆ ಉತ್ತರ ಸಿಕ್ಕಿತೋ ಇಲ್ಲವೋ?”

 ಗುರುಗಳು ಶಿಷ್ಯನ ಕಡೆ ನೋಡಿದರು.

“ಕಾಲ ಯಾವುದರಿಂದ ತುಂಬಿತು, ಇನ್ನಾಸಪ್ಪ?”

ಹೇಳಿಬಿಡಬೇಕು ಎಂದು ಅವನಿಗೆ ಎಷ್ಟು ಆಸೆಯಾಯಿತೋ. ಏನಾದರೂ, ಚೆನ್ನಾಗಿ ಕೇಳಿಸುವಂಥ ಒಂದು ಮಾತು. ಲ್ಯಾಟಿನ್ನಿನಲ್ಲಿ ಎರಡು ಇದ್ದವು.

“ಗೊತ್ತಿಲ್ಲ, ಗುರುಗಳೇ,” ಎಂದ. “ಎಲ್ಲ ಇತ್ತು, ಅವರಿಗೆ ಜಾಗ ಇರಲಿಲ್ಲ. ಮೊದಲೇ ಬಂದಿದ್ದರೂ ಇರುತ್ತಿರಲಿಲ್ಲ. ಈಗ ಬಂದಿದ್ದರೆ ನನ್ನ ಕೈಗೇ ಸಿಕ್ಕಿ ಹೀಗಾಗುತ್ತಿತ್ತು. ನಾವು ಸರಿಹೋಗಲಿ ಅಂತ ಕಾದಿದ್ದರೆ ಅವರು ಬರುತ್ತಲೇ ಇರಲಿಲ್ಲ. ಆದರೂ ಬಂದರು. ಯಾಕೆ ಅಂತ ನನಗೆ ಗೊತ್ತಿಲ್ಲ.”

“ಗೊತ್ತಿಲ್ಲ?”

“ಬಂದ ದಿನ ಗೊತ್ತಿದ್ದಷ್ಟೂ ಈಗ ಗೊತ್ತಿಲ್ಲ.”

ಅರುಳಪ್ಪ ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರಿನಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

“ಇಲ್ಲ ಅಂತಾಯ್ತು. ಹೋಗು ಮಗ, ಬಟ್ಟೆ ತಗೊಂಡು ಬಾ. ಕಡೇ ಬಸ್ಸಿದೆ.”

ಇನ್ನಾಸಪ್ಪ ಒಳಗೆ ಹೋಗಿ ತನ್ನ ಚೀಲ ತಂದ. ಲೂರ್ದಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. “ಬೋಗುಣಿ ತೊಳೆದು ಇಟ್ಟು ಹೋಗು,” ಎಂದಳು. 

ಅವನು ಗುರುಗಳ ಮುಂದೆ ಬಂದು ಆಶೀರ್ವಾದಕ್ಕೆ ಮಂಡಿಯೂರಿದ.

ಗುರುಗಳು ಆಶೀರ್ವಾದ ಮಾಡಲಿಲ್ಲ. ಹೊದ್ದಿದ್ದ ಕಾವಿ ಶಾಲನ್ನು ತೆಗೆದು ಕೊಡವಿದರು. ಅವರೆಕಾಳಿನ ಸಿಪ್ಪೆಗಳು ಉದುರಿದವು. ಶಾಲನ್ನು ಎರಡು ಕೈಯಲ್ಲಿ ಬಿಡಿಸಿ ಹಿಡಿದರು.

ಇನ್ನಾಸಪ್ಪ ತಲೆ ಎತ್ತಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹೆದರಿಕೆಯಾಯಿತು.

“ಈಗಲೇ? ಗುರುಗಳೇ, ಇದು... ಕೈಯೆಲ್ಲ ಮಣ್ಣು. ತಲೆಯಲ್ಲಿ ಹುಲ್ಲು. ಈ ವಾರ ಒಂದು ದಿನವೂ ನೆಟ್ಟಗೆ ಪ್ರಾರ್ಥನೆ ಮಾಡಿಲ್ಲ. ಬೋಗುಣಿ ಕಂಡಿಲ್ಲ ಅಂತ ಲೂರ್ದಮ್ಮನಿಗೆ ಸುಳ್ಳು ಬೇರೆ ಹೇಳಿದ್ದೇನೆ. ಒಂದು ಗಳಿಗೆ ಕೊಡಿ. ಹೊಳೆಗೆ ಹೋಗಿ ಮಿಂದು, ಮನಸ್ಸನ್ನು ಸ್ವಲ್ಪ ಹದಕ್ಕೆ ತಂದುಕೊಂಡು ಬರುತ್ತೇನೆ.”

“ನೀನು ಮಿಂದು ಬರುವಷ್ಟರಲ್ಲಿ ನನಗೆ ಬುದ್ಧಿ ಬಂದುಬಿಟ್ಟರೆ ಏನು ಮಾಡ್ತೀಯ?” ಎಂದರು ಗುರುಗಳು. “ತಲೆ ಬಗ್ಗಿಸು.”